ಸೋತವರ ಮ್ಯಾಚನ್ನೂ ನೋಡಿ

ಮೈಸೂರು

ಪ್ರಿಯ ಲೇಖಕರೇ,

ಮಂಡ್ಯದಿಂದ ನೀವು ಕಳಿಸಿದ ಲೇಖನ ಓದಿದೆ. ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಮೈಕಲ್ ಜೋರ್ಡನ್ ದೊಡ್ಡ ಆಟಗಾರರೋ, ಲೆಬ್ರಾನ್ ಜೇಮ್ಸ್ ದೊಡ್ಡವರೋ ಎಂಬ ಪ್ರಶ್ನೆ ನಿಮ್ಮದು. ಅಂಕಿಗಳು ಲೆಬ್ರಾನ್ ಕಡೆ, ಮನಸ್ಸಲ್ಲಿ ಉಳಿದ ಕಥೆಗಳು ಜೋರ್ಡನ್ ಕಡೆ, ಆದ್ದರಿಂದ ಜೋರ್ಡನ್ನೇ ದೊಡ್ಡವರು ಎಂದಿದ್ದೀರಿ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನಿಮಗೆ ಆಟ ಗೊತ್ತು, ಅದರ ಮೇಲೆ ಪ್ರೀತಿಯೂ ಇದೆ. ಹಾಗಾಗಿ ಕಾರಣ ಬಿಡಿಸಿ ಹೇಳುತ್ತೇನೆ.

ಲೆಬ್ರಾನ್ 2023ರ ಫೆಬ್ರವರಿಯಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಇಡೀ ವೃತ್ತಿಜೀವನದಲ್ಲಿ ಗಳಿಸಿದ 38,387 ಪಾಯಿಂಟ್‌ಗಳ ದಾಖಲೆ ದಾಟಿದ್ದನ್ನು 'ಬರೀ ಲೆಕ್ಕ' ಎಂದು ಪಕ್ಕಕ್ಕಿಟ್ಟಿರಿ. ಆದರೆ ಜೋರ್ಡನ್ ಪರವಾಗಿ ನೀವು ಮತ್ತೆ ಮತ್ತೆ ಹೇಳುವ 'ಆರು ಸಲ ಚಾಂಪಿಯನ್' ಕೂಡ ಲೆಕ್ಕವೇ ಅಲ್ವಾ? ಅದೊಂದೇ ಅಳತೆಯಾದರೆ ರಾಬರ್ಟ್ ಹೋರಿ ಏಳು ಸಲ ಚಾಂಪಿಯನ್ ತಂಡದಲ್ಲಿದ್ದರು. ಅವರು ಜೋರ್ಡನ್‌ಗಿಂತ ದೊಡ್ಡವರು ಎಂದು ನೀವು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಲೇಖನ ಹೇಳಬೇಕಿತ್ತು.

ಅರವತ್ತರ ದಶಕದ ಆಟಗಾರ ವಿಲ್ಟ್ ಚೇಂಬರ್ಲಿನ್ ಅವರಿಗೆ ನೀವು ಕೊಟ್ಟಿರುವುದು ಒಂದೇ ಸಾಲು. ನಿಮ್ಮ ವಿಷಯದ ತಿರುಳು ಇರುವುದು ಅಲ್ಲೇ. 1961-62ರ ಸೀಸನ್‌ನಲ್ಲಿ ಅವರು ಮ್ಯಾಚಿಗೆ ಸರಾಸರಿ 50.4 ಪಾಯಿಂಟ್ ಹೊಡೆದರು. ಒಂದು ಮ್ಯಾಚಿನಲ್ಲಿ 100 ಪಾಯಿಂಟ್ ಬಂದದ್ದೂ ಆಗಲೇ. ಆದರೂ ಆ ವರ್ಷದ ಅತ್ಯುತ್ತಮ ಆಟಗಾರ ಎಂದು ಆಯ್ಕೆಯಾದವರು ಬಿಲ್ ರಸೆಲ್. ಆಗ ಓಟು ಹಾಕುತ್ತಿದ್ದವರು ಆಟಗಾರರೇ. ಇಬ್ಬರ ಎದುರೂ ಆಡಿ ಬೆವರು ಸುರಿಸಿದವರು ಅವರು. ರಸೆಲ್ ಅವರ ದೊಡ್ಡ ಶಕ್ತಿ ಡಿಫೆನ್ಸ್, ಅದರಲ್ಲೂ ಬ್ಲಾಕ್, ಅಂದರೆ ಎದುರಾಳಿಯ ಶಾಟನ್ನು ಗಾಳಿಯಲ್ಲೇ ತಡೆಯುವುದು. ಬ್ಲಾಕ್‌ಗಳನ್ನು ಅಧಿಕೃತವಾಗಿ ಬರೆದಿಡಲು ಶುರು ಮಾಡಿದ್ದು 1973-74ರಲ್ಲಿ. ಅಷ್ಟರಲ್ಲಿ ಅವರು ನಿವೃತ್ತರಾಗಿ ವರ್ಷಗಳೇ ಆಗಿದ್ದವು. ಎಷ್ಟು ಶಾಟ್ ತಡೆದರು ಎಂಬುದಕ್ಕೆ ಪೂರ್ತಿ ಲೆಕ್ಕವೇ ಇಲ್ಲ. ಎದುರು ಆಡಿದವರ ಮಾತೇ ಅಲ್ಲಿ ಮುಖ್ಯ ಸಾಕ್ಷಿ. ನಿಮ್ಮೂರ ಕೋರ್ಟಿನಲ್ಲೂ ಇಂಥವರು ಇರುತ್ತಾರೆ. ಜಾಸ್ತಿ ಪಾಯಿಂಟ್ ಹೊಡೆಯುವುದಿಲ್ಲ, ಆದರೆ ಯಾರನ್ನೂ ರಿಂಗ್ ಹತ್ತಿರ ಬಿಡುವುದಿಲ್ಲ.

ಹಾಗೆಂದು 50.4ನ್ನು ತಳ್ಳಿಹಾಕಬೇಡಿ. ಅದನ್ನು ಬಿಡಿಸಿ ನೋಡಿ. ಮ್ಯಾಚ್ ಇರುವುದು 48 ನಿಮಿಷ. ಆ ಸೀಸನ್‌ನಲ್ಲಿ ಚೇಂಬರ್ಲಿನ್ ಸರಾಸರಿ 48.5 ನಿಮಿಷ ಆಡಿದರು! ಹೆಚ್ಚುವರಿ ಸಮಯವೂ ಸೇರಿದ್ದರಿಂದ ಹಾಗಾಯಿತು. ಅಂದರೆ ಅವರು ಬೆಂಚಿನ ಮೇಲೆ ಕೂತದ್ದೇ ಅಪರೂಪ. ಆಟದ ವೇಗವೂ ಆಗ ಜಾಸ್ತಿ, ಶಾಟ್‌ಗಳೂ ಜಾಸ್ತಿ. ಇಷ್ಟು ತಿಳಿಸದೆ 50.4ನ್ನು ಜೋರ್ಡನ್ ಅವರ ವೃತ್ತಿಜೀವನದ ಸರಾಸರಿ 30.1ರ ಪಕ್ಕ ಕೋಷ್ಟಕದಲ್ಲಿ ಇಟ್ಟರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ಇನ್ನು 1997ರ ಫೈನಲ್ಸ್, ಅಂದರೆ ಏಳು ಮ್ಯಾಚ್‌ಗಳವರೆಗೆ ಹೋಗಬಹುದಾದ ಅಂತಿಮ ಸರಣಿ. ಅದರಲ್ಲಿ ಜೋರ್ಡನ್ ಮೈ ಹುಷಾರಿಲ್ಲದೆ ಆಡಿದ ಐದನೇ ಮ್ಯಾಚ್. ಇದನ್ನು ಚೆನ್ನಾಗಿ ಬರೆದಿದ್ದೀರಿ, ಆದರೆ ಪ್ರಶ್ನೆಯನ್ನೇ ಕೇಳಿಲ್ಲ. ಅವರು 38 ಪಾಯಿಂಟ್ ಹೊಡೆದರು, ತಂಡ 90-88ರಲ್ಲಿ ಗೆದ್ದಿತು. ಕೊನೆಯ ಅರ್ಧ ನಿಮಿಷದಲ್ಲಿ ಅವರು ಹಾಕಿದ ಆ ಮೂರು ಪಾಯಿಂಟಿನ ಶಾಟ್ ತಪ್ಪಿದ್ದರೆ ಇದೇ ಕಥೆಯನ್ನು ಇಷ್ಟು ಜನ ಹೇಳುತ್ತಿದ್ದರಾ? 1969ರ ಫೈನಲ್ಸ್‌ನ ಏಳನೇ ಮ್ಯಾಚಿನಲ್ಲಿ ಜೆರ್ರಿ ವೆಸ್ಟ್ 42 ಪಾಯಿಂಟ್, 13 ರಿಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯುವುದು), 12 ಅಸಿಸ್ಟ್ (ಪಾಯಿಂಟ್ ತಂದುಕೊಡುವ ಪಾಸ್) ಗಳಿಸಿದರು. ಅವರ ತಂಡ ಎರಡೇ ಪಾಯಿಂಟಿನಿಂದ ಸೋತಿತು. ಆ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಮಾತ್ರ ಅವರಿಗೇ. ಸೋತ ತಂಡದ ಆಟಗಾರನಿಗೆ ಅದು ಸಿಕ್ಕಿದ್ದು ಅದೊಂದೇ ಸಲ. ನಿಮ್ಮ ಲೇಖನದಲ್ಲಿ ವೆಸ್ಟ್ ಹೆಸರೇ ಇಲ್ಲ.

ಸೋತ ತಂಡದವರ ದೊಡ್ಡ ಆಟವನ್ನು ಮರೆಯುವುದು ನಮಗೆ ಹೊಸದೇನಲ್ಲ, ಕ್ರಿಕೆಟ್‌ನಲ್ಲೂ ಹಾಗೇ. 1999ರ ಫೆಬ್ರವರಿಯಲ್ಲಿ ಅನಿಲ್ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು ಮಕ್ಕಳಿಗೂ ಗೊತ್ತು. ಅದೇ ತಿಂಗಳು, ಅದೇ ಪಾಕಿಸ್ತಾನದ ಮೇಲೆ ಕೋಲ್ಕತ್ತದಲ್ಲಿ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಟೆಸ್ಟ್‌ನಲ್ಲಿ 13 ವಿಕೆಟ್ ಪಡೆದರು. ಭಾರತ 46 ರನ್‌ಗಳಿಂದ ಸೋತಿತು. ಆ 13 ವಿಕೆಟ್‌ಗಳ ಮಾತು ಮೈಸೂರಲ್ಲೇ ಅಷ್ಟಾಗಿ ಕೇಳುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ.

ಕೋಷ್ಟಕ ಪೂರ್ತಿ ತೆಗೆಯಿರಿ. 'ಹೃದಯ ಸುಳ್ಳು ಹೇಳುವುದಿಲ್ಲ' ಎಂಬ ಕೊನೆಯ ಪ್ಯಾರಾನೂ ಬೇಡ. ಯಾರು ದೊಡ್ಡವರು ಎಂಬ ತೀರ್ಪು ಸದ್ಯಕ್ಕೆ ಬಿಡಿ. 1961-62ರಲ್ಲಿ ಆಟಗಾರರು ನಡೆಸಿದ ಆ ಮತದಾನವನ್ನೋ, 1969ರ ವೆಸ್ಟ್ ಅವರನ್ನೋ, ಒಂದನ್ನೇ ತೆಗೆದುಕೊಂಡು ಸಾವಿರ ಪದಗಳಲ್ಲಿ ಬರೆಯಿರಿ. ವೆಸ್ಟ್ ಬಗ್ಗೆ ಬರೆದರೆ ನನಗೆ ಹೆಚ್ಚು ಖುಷಿ. ಬೇಗ ಕಳಿಸಿ, ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ