ಹುಲ್ಲುಹಾಸಿನ ಅಂಚಿಗೆ ಯಾವ ಸಲಕರಣೆ?

ಪ್ರಶ್ನೆ: ಬದಿಯಡ್ಕದ ಸಮೀಪದಲ್ಲಿರುವ ನಮ್ಮ ಮನೆಯ ಮುಂದೆ ಎರಡು ವರ್ಷಗಳ ಹಿಂದೆ ಬಫೆಲೋ ಹುಲ್ಲು ನೆಟ್ಟಿದ್ದೇವೆ. ಹುಲ್ಲು ಚೆನ್ನಾಗಿ ಹಬ್ಬಿದೆ, ಆದರೆ ಈಗ ದಾಸವಾಳದ ಪಾತಿಗೂ ನುಗ್ಗುತ್ತಿದೆ. ಕತ್ತಿಯಿಂದ ಸವರಿದರೆ ಅಂಚು ಅಂಕುಡೊಂಕಾಗುತ್ತದೆ, ಹಾರೆಯಿಂದ (ಗುದ್ದಲಿಯಿಂದ) ಕಡಿದರೆ ಮಣ್ಣೇ ಎದ್ದು ಬರುತ್ತದೆ. ಅಂಗಡಿಯಲ್ಲಿ ಅರ್ಧಚಂದ್ರದ ಅಲಗು, ಉದ್ದ ಹಿಡಿಯ ಕತ್ತರಿ ಮತ್ತು ಚಕ್ರದ ಕಟ್ಟರ್ ಎಂಬ ಮೂರು ಬಗೆಗಳನ್ನು ತೋರಿಸಿದರು. ಯಾವುದನ್ನು ಕೊಳ್ಳುವುದು ಒಳ್ಳೆಯದು?

ಉತ್ತರ: ಅಂಚಿನ ಕೆಲಸದಲ್ಲಿ ಎರಡು ಭಾಗಗಳಿವೆ. ಮಣ್ಣನ್ನು ಸೀಳಿ ಗೆರೆ ಎಳೆಯುವುದು ವರ್ಷಕ್ಕೊಮ್ಮೆ ಸಾಕು; ಆ ಗೆರೆಯಿಂದ ಆಚೆಗೆ ಬಾಗಿದ ಹುಲ್ಲನ್ನು ಕತ್ತರಿಸುವುದನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಮಾಡಬೇಕು. ಮೊದಲನೆಯದಕ್ಕೆ ಅರ್ಧಚಂದ್ರದ ಅಲಗು, ಎರಡನೆಯದಕ್ಕೆ ಉದ್ದ ಹಿಡಿಯ ಕತ್ತರಿ. ಚಕ್ರದ ಕಟ್ಟರನ್ನು ನಮ್ಮ ಮುರಕಲ್ಲಿನ ನೆಲಕ್ಕೆ ನಾನು ಸೂಚಿಸಲಾರೆ, ಏಕೆಂದರೆ ಪ್ರತಿ ಹರಳಿಗೂ ತಾಗಿ ಅದರ ಬಾಯಿ ಬೇಗನೆ ಹೋಗುತ್ತದೆ.

ಹಾರೆಯ ಅಲಗು ಹಿಡಿಗೆ ಅಡ್ಡವಾಗಿರುವುದರಿಂದ ನಾವು ಅದನ್ನು ನಮ್ಮತ್ತ ಎಳೆಯುತ್ತೇವೆ, ಮಣ್ಣು ಅದರೊಂದಿಗೇ ಎದ್ದು ಬರುತ್ತದೆ. ಅರ್ಧಚಂದ್ರದ ಅಲಗು ಹಿಡಿಯ ನೇರದಲ್ಲೇ ಇದ್ದು, ಮೇಲಂಚಿನ ಮೇಲೆ ಕಾಲಿಟ್ಟು ಮೈಭಾರ ಹಾಕಿದಾಗ ನೆಟ್ಟಗೆ ಕೆಳಗಿಳಿದು, ಬೇರನ್ನೂ ನೆಲಕ್ಕಂಟಿದ ಕುಡಿಯನ್ನೂ ಒಂದೇ ಸೀಳಿಗೆ ತುಂಡರಿಸುತ್ತದೆ. ಕೊಳ್ಳುವಾಗ ಕಾಲಿಡುವ ಜಾಗ ಅಗಲವಾಗಿ ಮಡಚಿದೆಯೇ, ಹಿಡಿ ಕೂರುವ ಕೊಳವೆ ಗಟ್ಟಿಯಾಗಿದೆಯೇ ಎಂದು ನೋಡಿರಿ. ತೆಳು ತಗಡಿನದು ಬೇಡವೇ ಬೇಡ. ನಾನು ಮೊದಲು ತಂದದ್ದು ಅಂಥದ್ದೇ; ಅಂಗಳದ ಮೂಲೆಯಲ್ಲಿ ಮಣ್ಣಿನೊಳಗಿದ್ದ ಅಡಕೆಯಷ್ಟೇ ದೊಡ್ಡ ಕಲ್ಲಿಗೆ ತಾಗಿ, ಅದರ ಬಾಯಿ ಮೊದಲ ದಿನವೇ ಮಡಚಿಕೊಂಡಿತು.

ಆ ಬಳಿಕ ನಾನು ಮಾಡಿದ್ದನ್ನೇ ನಿಮಗೂ ಹೇಳುತ್ತೇನೆ. ಸವೆದು ಮೂಲೆ ಸೇರಿದ ಹಳೆಯ ಹಾರೆಯೊಂದು ನಿಮ್ಮ ಕೊಟ್ಟಿಗೆಯಲ್ಲಿಯೂ ಇರಬಹುದು. ಅದರ ಅಲಗನ್ನು ಊರಿನ ಕಮ್ಮಾರರಲ್ಲಿಗೆ ಒಯ್ದು, ಒಂದು ಗೇಣಿನಷ್ಟು ಅಗಲಕ್ಕೆ ಬಾಯಿಯನ್ನು ಅರೆದುಂಡಾಗಿ ಮಾಡಿಸಿ, ಮೇಲುಭಾಗಕ್ಕೆ ಕಬ್ಬಿಣದ ಕೊಳವೆ ಬೆಸೆಸಿಕೊಳ್ಳಿರಿ. ಬೆಸುಗೆಯ ಕಾವು ಕೆಳಗಿನ ಬಾಯಿಯವರೆಗೆ ಇಳಿಯದಂತೆ ನೋಡಿಕೊಳ್ಳಲು ಹೇಳಿರಿ, ಇಲ್ಲವಾದರೆ ಉಕ್ಕಿನ ಹದ ಕೆಡುತ್ತದೆ. ಹಿಡಿ ನಿಮ್ಮ ಎದೆಯ ಎತ್ತರಕ್ಕಿದ್ದರೆ ಬೆನ್ನು ಬಗ್ಗಿಸದೆ ಕೆಲಸ ಮಾಡಬಹುದು.

ಹೀಗೆ ಉಳಿದ ಹಣವನ್ನು ಕತ್ತರಿಗೆ ಹಾಕಿರಿ. ಅದು ಮಾತ್ರ ಒಳ್ಳೆಯದೇ ಇರಬೇಕು. ಎರಡು ಅಲಗುಗಳನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ಅವು ತುದಿಯಲ್ಲಿ ಸರಿಯಾಗಿ ಕೂಡುತ್ತವೆಯೇ ಎಂದು ನೋಡಿರಿ. ನಡುವಿನ ತಿರುಪನ್ನು ಬಿಗಿಮಾಡಲು ಆಗುವಂತಿರಬೇಕು, ಏಕೆಂದರೆ ಅದು ಸಡಿಲವಾದರೆ ಹುಲ್ಲು ಕತ್ತರಿಸದೆ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಕತ್ತರಿಸುವಾಗ ಒಂದು ಕೈ ಅಲುಗದಿರಲಿ, ಇನ್ನೊಂದು ಕೈ ಮಾತ್ರ ಆಡಲಿ. ಅಂಚು ನೇರವಾಗಿ ಬರುವುದು ಆಗಲೇ.

ಗೆರೆ ಸೀಳಲು ನಮ್ಮಲ್ಲಿ ತಕ್ಕ ಕಾಲ ಮಳೆ ಹಿಂದೆಗೆಯುವ ಅಕ್ಟೋಬರ್. ಜುಲೈಯಲ್ಲಿ ಸೀಳಿದ ಅಂಚು ಒಂದೇ ಜಡಿಮಳೆಗೆ ಕುಸಿಯುತ್ತದೆ. ಮಾರ್ಚಿನಲ್ಲಿ ನೆಲ ಕಲ್ಲಾಗಿರುತ್ತದೆ. ಆಗ ಮಾಡಲೇಬೇಕಾದರೆ ಹಿಂದಿನ ಸಂಜೆ ನೀರುಣಿಸಬೇಕು. ಎರಡು ಗೂಟಗಳ ನಡುವೆ ಹುರಿಹಗ್ಗ ಬಿಗಿದು, ಅದರ ಉದ್ದಕ್ಕೂ ಹಲಗೆ ಇಟ್ಟು, ಹಲಗೆಯ ಮೇಲೆ ನಿಂತು 5ರಿಂದ 7 ಸೆಂಟಿಮೀಟರ್ ಆಳಕ್ಕೆ ಸೀಳಿರಿ. ಹುಲ್ಲಿನ ಬದಿ ನೆಟ್ಟಗಿರಲಿ, ಪಾತಿಯ ಬದಿ ಇಳಿಜಾರಾಗಿರಲಿ. ಪ್ರತಿ ತಿಂಗಳೂ ಹೊಸದಾಗಿ ಸೀಳುವವರಿದ್ದಾರೆ. ಅವರ ಪಾತಿ ಅಗಲವಾಗುತ್ತಾ ಹೋಗಿ ಹುಲ್ಲುಹಾಸೇ ಕಿರಿದಾಗುತ್ತದೆ.

ಪ್ರಶ್ನೆ: ನಮ್ಮ ಮನೆ ಉಪ್ಪಳದ ಕಡಲತೀರದಲ್ಲಿದೆ. ಎಷ್ಟು ಚಂದವಾಗಿ ಸೀಳಿದರೂ ವಾರದೊಳಗೆ ಅಂಚು ಜರಿಯುತ್ತದೆ. ಅಲಗಿನ ದೋಷವೇ?

ಉತ್ತರ: ಅಲ್ಲ, ಹೊಯಿಗೆ ಮಣ್ಣಿಗೆ ನೆಟ್ಟಗೆ ನಿಲ್ಲುವ ಬಲವಿಲ್ಲ. ಅಲ್ಲಿ ಮುರಕಲ್ಲಿನ ತುಂಡುಗಳನ್ನು ನೆಲದ ಮಟ್ಟಕ್ಕೆ ಹೂತು ಅಂಚು ಕಟ್ಟಿರಿ. ಆಮೇಲೆ ನಿಮಗೆ ಕತ್ತರಿಯೊಂದೇ ಸಾಕು.

ಪ್ರಶ್ನೆ: ಸಲಕರಣೆಗಳು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೊಳ್ಳಬೇಕೇ? (ಮುಳ್ಳೇರಿಯದ ಓದುಗರು)

ಉತ್ತರ: ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಸುಲಭವಾಗಿ ತಾಗುವುದಿಲ್ಲ, ಮಣ್ಣೂ ಹೆಚ್ಚು ಅಂಟದು. ಆದರೆ ಸಾದಾ ಉಕ್ಕನ್ನು ಮನೆಯಲ್ಲೇ ಅರದಿಂದ ಉಜ್ಜಿ ಹರಿತ ಮಾಡಿಕೊಳ್ಳುವುದು ಸುಲಭ, ಆದ್ದರಿಂದ ನನ್ನ ಒಲವು ಅದರತ್ತಲೇ. ಕೆಲಸ ಮುಗಿದೊಡನೆ ಮಣ್ಣು ತೊಳೆದು, ಒಣಬಟ್ಟೆಯಲ್ಲಿ ಒರಸಿ, ತೆಂಗಿನೆಣ್ಣೆ ಸವರಿ ಗೋಡೆಯ ಮೊಳೆಗೆ ತೂಗುಹಾಕಿರಿ. ನೆಲಕ್ಕೆ ಒರಗಿಸಿಟ್ಟರೆ ಮರದ ಹಿಡಿಗೆ ಗೆದ್ದಲು ಹತ್ತುತ್ತದೆ.