ನರ್ಸಿಂಗ್ ಸೀಟು: ಮೊದಲು ಆಸ್ಪತ್ರೆಯನ್ನು ನೋಡಿ

ನಮಸ್ಕಾರ. ಪಿಯುಸಿ ಮುಗಿಸಿದ ನಿಮ್ಮ ಮಗಳನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಮಂಗಳೂರಿನ ಕಾಲೇಜಿಗೆ ಸೇರಿಸಬೇಕೋ, ಮಣಿಪಾಲದ ಡೀಮ್ಡ್ ವಿಶ್ವವಿದ್ಯಾಲಯಕ್ಕೆ (ತಾನೇ ಪದವಿ ಕೊಡುವ ಮಾನ್ಯತೆ ಪಡೆದ ಸಂಸ್ಥೆ) ಸೇರಿಸಬೇಕೋ ಎಂದು ಕೇಳಿದ್ದೀರಿ. ಬಿ.ಎಸ್ಸಿ. ನರ್ಸಿಂಗ್ ಎರಡೂ ಕಡೆ 4 ವರ್ಷ, 8 ಸೆಮಿಸ್ಟರುಗಳ ಕೋರ್ಸು. ಎರಡಕ್ಕೂ ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮವೇ ಆಧಾರ. ಶುಲ್ಕ ಮಾತ್ರ ಡೀಮ್ಡ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು. ಸರ್ಕಾರಿ ಕೋಟಾದ ಸೀಟು ಬೇಕಿದ್ದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸೀಟು ಹಂಚಿಕೆಯ ಕೌನ್ಸೆಲಿಂಗ್ ತಪ್ಪಿಸಬೇಡಿ.

ಆದರೆ ವಿಶ್ವವಿದ್ಯಾಲಯದ ಹೆಸರಿಗಿಂತ ಮುಖ್ಯವಾದದ್ದು ಕಾಲೇಜಿನ ಆಸ್ಪತ್ರೆ. ನನ್ನ ಮಗಳು ಓದಿದ ಕಾಲೇಜಿಗೆ ಸ್ವಂತ ಆಸ್ಪತ್ರೆಯಿದ್ದರೂ ರೋಗಿಗಳು ಕಡಿಮೆಯಿದ್ದುದರಿಂದ, ಒಂದೇ ಹಾಸಿಗೆಯ ಸುತ್ತ ಆರೇಳು ವಿದ್ಯಾರ್ಥಿನಿಯರು ನಿಂತು, ಒಬ್ಬಳು ಬಿಪಿ ನೋಡುವುದನ್ನು ಉಳಿದವರು ಇಣುಕಿ ನೋಡುತ್ತಿದ್ದರು. ಎರಡು ವರ್ಷ ಹೀಗೇ ಕಳೆದು, ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಜಿಲ್ಲಾಸ್ಪತ್ರೆಗೆ ಪೋಸ್ಟಿಂಗ್ ಸಿಕ್ಕ ಮೇಲೆಯೇ ಅವಳ ಕೈ ಪಳಗಿತು. ಆ ಎರಡು ವರ್ಷಗಳ ನಷ್ಟ ನನಗೆ ಇಂದಿಗೂ ನೋವು ಕೊಡುತ್ತದೆ.

ದಯವಿಟ್ಟು ಹಣ ಕಟ್ಟುವ ಮೊದಲು ಒಂದು ದಿನ ಬೆಳಿಗ್ಗೆ ಮಗಳೊಂದಿಗೆ ಎರಡೂ ಆಸ್ಪತ್ರೆಗಳಿಗೆ ಹೋಗಿ, ವಾರ್ಡುಗಳಲ್ಲಿ ಹಾಸಿಗೆಗಳು ತುಂಬಿವೆಯೇ ಎಂದು ನೋಡಿ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಸಿಕ್ಕರೆ, ಇದುವರೆಗೆ ಎಷ್ಟು ಹೆರಿಗೆಗಳನ್ನು ತಾನೇ ಕೈಯಾರೆ ಮಾಡಿಸಿದ್ದಾಳೆ ಎಂದು ಕೇಳಿ.