ತಪ್ಪು ಲೆಕ್ಕಗಳು ಎಲ್ಲಿ ಹೋದವು, ಮೇಷ್ಟ್ರೇ?

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: ಈಗ ಮಕ್ಕಳ ಹೋಂವರ್ಕ್ ಪುಸ್ತಕದಲ್ಲಿ ಒಂದು ತಪ್ಪೂ ಕಾಣುವುದಿಲ್ಲ. ಎಲ್ಲವೂ ಎಐ ಮಾಡಿಕೊಟ್ಟದ್ದು. ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡು ಅಂದರೆ ಸುಮ್ಮನೆ ನಿಂತುಬಿಡುತ್ತಾರೆ. ಇದನ್ನು ಪತ್ತೆ ಹಚ್ಚುವ ಸಾಫ್ಟ್‌ವೇರ್ ತರಿಸಿ ಅಂತ ಇವರು ಶಾಲೆಯವರನ್ನು ಕೇಳಿದ್ದಾರೆ. ಶಾಲೆಯವರು ಇವರನ್ನೇ ಎಐ ತರಬೇತಿಗೆ ಹೋಗಿ ಅಂದಿದ್ದಾರೆ. 'ಇನ್ನು ಪಾಠ ಅದೇ ಮಾಡುತ್ತೆ, ನೀವು ಮಾರ್ಗದರ್ಶಕರಾಗಿದ್ದರೆ ಸಾಕು' ಎಂಬ ಮಾತೂ ಬಂದಿದೆಯಂತೆ. ಪತ್ರದ ಕೊನೆಯಲ್ಲಿ ಹೀಗಿದೆ: 'ನಮ್ಮಂಥ ಹಳಬರ ಕಾಲ ಮುಗಿಯಿತೇನೋ. ತರಬೇತಿಗೆ ಹೋಗಲೋ, ಸ್ವಯಂ ನಿವೃತ್ತಿ ತಗೊಳ್ಳಲೋ?'

ಸಂಪಾದಕರ ಉತ್ತರ:

ಮೇಷ್ಟ್ರೇ, ಆ ಕೊನೆಯ ಸಾಲನ್ನು ನೀವು ಬರೆಯಬಾರದಿತ್ತು. ಅದರ ಮೇಲೆ ನನಗೆ ಸಿಟ್ಟಿದೆ. ಯಾಕೆಂದರೆ ಅದೇ ಪತ್ರದ ಮೊದಲ ಭಾಗದಲ್ಲಿ ನೀವು ಬಹಳ ದೊಡ್ಡ ಮಾತು ಹೇಳಿದ್ದೀರಿ. ಹೇಳಿ, ಅಲ್ಲೇ ಬಿಟ್ಟು ಮುಂದೆ ಹೋಗಿದ್ದೀರಿ. ಪುಸ್ತಕದಲ್ಲಿ ತಪ್ಪೇ ಕಾಣುವುದಿಲ್ಲ ಎಂಬ ಮಾತು.

ಮಕ್ಕಳು ಮೋಸ ಮಾಡುತ್ತಾರೆ, ಸೋಮಾರಿಗಳಾಗುತ್ತಾರೆ ಅಂತ ಎಲ್ಲರೂ ಕೂಗಾಡುತ್ತಿದ್ದಾರೆ. ಮೇಷ್ಟ್ರಿಗೆ ಆಗುತ್ತಿರುವ ನಷ್ಟದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಮಗುವಿನ ತಪ್ಪು ಮೇಷ್ಟ್ರ ಕೈಗೆ ಬರಬೇಕು. ಬಂದರೆ ತಾನೇ ಆ ತಲೆಯೊಳಗೆ ಏನು ನಡೆಯುತ್ತಿದೆ ಅಂತ ಗೊತ್ತಾಗುವುದು? ಈಗ ಅದು ದಾರಿಯಲ್ಲೇ ಅಳಿಸಿಹೋಗುತ್ತಿದೆ.

ಒಂದು ಸಣ್ಣ ಲೆಕ್ಕ ತಗೊಳ್ಳೋಣ. 52ರಲ್ಲಿ 27 ಕಳೆಯಬೇಕು. ಉತ್ತರ 25. ಮಗು 35 ಅಂತ ಬರೆದಿದೆ. ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಪುಟ ತಿರುಗಿಸಬಹುದು. ಆದರೆ ನಿಮ್ಮಂಥವರು ಅಲ್ಲಿ ಒಂದು ಕ್ಷಣ ನಿಲ್ಲುತ್ತೀರಿ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ. ಮಗು 7ರಲ್ಲೇ 2 ಕಳೆದು 5 ಬರೆದಿದೆ. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3 ಬರೆದಿದೆ. ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಅದು ತಾನೇ ಒಂದು ನಿಯಮ ಮಾಡಿಕೊಂಡಿದೆ. ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. 0.5ಕ್ಕಿಂತ 0.45 ದೊಡ್ಡದು ಅನ್ನುವ ಮಗುವಿನದೂ ಇದೇ ಕಥೆ. 5ಕ್ಕಿಂತ 45 ದೊಡ್ಡದಲ್ವಾ?

ನನಗೆ ಪರಿಚಯದ ಶಿಕ್ಷಕಿಯೊಬ್ಬರು ಇಂಥ ತಪ್ಪುಗಳಿಗಾಗಿಯೇ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಎಡಗಡೆ ತಪ್ಪು ಉತ್ತರ. ಬಲಗಡೆ, 'ಹೇಗೆ ಮಾಡಿದೆ ಹೇಳು' ಅಂದಾಗ ಮಗು ಹೇಳಿದ್ದು. ಅದನ್ನು ತಿದ್ದದೆ ಮಗುವಿನ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ಒಂದು ಕಡೆ ಹೀಗಿತ್ತು: 'ಮೂರಕ್ಕಿಂತ ನಾಲ್ಕು ಜಾಸ್ತಿ ಮಿಸ್, ಅದಕ್ಕೇ ಮೂರನೇ ಒಂದು ಭಾಗಕ್ಕಿಂತ ನಾಲ್ಕನೇ ಒಂದು ಭಾಗ ಜಾಸ್ತಿ.' ಮರುದಿನ ಆಕೆ ಭಿನ್ನರಾಶಿಯ ಪಾಠವನ್ನು ಈ ಮಾತಿನಿಂದಲೇ ಶುರು ಮಾಡಿದರಂತೆ, ಯಾರು ಹೇಳಿದ್ದು ಅಂತ ಹೇಳದೆ. ಅರ್ಧ ಕ್ಲಾಸು 'ಸರಿ ಇದೆ' ಅಂತ ಕೈ ಎತ್ತಿತಂತೆ. ಆ ನೋಟ್‌ಬುಕ್ ಇಲ್ಲದಿದ್ದರೆ ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಇದನ್ನೇ ಸಂಶೋಧನೆ ಮಾಡಿ ತೋರಿಸಿದ್ದರು. ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ಎಷ್ಟೋ ತಪ್ಪುಗಳಿಗೆ ಒಂದು ಕ್ರಮ ಇರುತ್ತದೆ ಅಂದರು. ಅವರು ತಯಾರಿಸಿದ ಕಂಪ್ಯೂಟರ್ ಪ್ರೋಗ್ರಾಮಿನ ಹೆಸರು 'ಬಗ್ಗಿ'. ಅದು ಬೇಕಂತಲೇ ಮಗುವಿನ ಹಾಗೆ ತಪ್ಪು ಲೆಕ್ಕ ಮಾಡುತ್ತಿತ್ತು. ಶಿಕ್ಷಕ ತರಬೇತಿಯಲ್ಲಿದ್ದವರು ಆ ತಪ್ಪಿನ ಮೂಲ ಕಂಡುಹಿಡಿಯಬೇಕಿತ್ತು. ಎಂಥ ಒಳ್ಳೆಯ ಯೋಚನೆ ನೋಡಿ! ಕಂಪ್ಯೂಟರ್ ಇದ್ದದ್ದು ಮೇಷ್ಟ್ರ ಕಣ್ಣು ಚುರುಕು ಮಾಡಲಿಕ್ಕೆ. ಇವತ್ತು ಎಐ ಮಾರಲು ಬರುವವರು ಮೇಷ್ಟ್ರ ಕಣ್ಣೇ ಬೇಕಿಲ್ಲ ಅನ್ನುತ್ತಿದ್ದಾರೆ.

ಇನ್ನು ನೀವು ಕೇಳಿದ ಪತ್ತೆದಾರಿ ಸಾಫ್ಟ್‌ವೇರ್. ಅದನ್ನು ಮರೆತುಬಿಡಿ. ಮಗು ತನ್ನ ಕೈಯಾರೆ ಪುಸ್ತಕಕ್ಕೆ ಇಳಿಸಿಕೊಂಡ ಲೆಕ್ಕವನ್ನು ಯಾವ ಸಾಫ್ಟ್‌ವೇರ್ ಹಿಡಿಯುತ್ತೆ? ಪ್ರಬಂಧಗಳ ವಿಷಯದಲ್ಲೂ ಅದನ್ನು ನಂಬುವ ಹಾಗಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಸಾಧನ ಬಿಟ್ಟಿತ್ತು. ಸರಿಯಾಗಿ ಹೇಳುವುದಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ತಾವೇ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಅವು 'ಎಐ ಬರೆದದ್ದು' ಅಂದವು. ಕಷ್ಟಪಟ್ಟು ಬರೆದ ಮಗುವನ್ನು ಕಳ್ಳ ಅನ್ನುವ ಪಾಪ ನಿಮಗೆ ಬೇಡ. ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆಯ ಉಪಾಯ ಆಗಲೇ ಇದೆ. ಬೋರ್ಡಿಗೆ ಕರೆದಿರಲ್ಲ, ಅದೇ.

ಎಐ ಪರವಾಗಿ ಹೇಳಬೇಕಾದ್ದನ್ನೂ ಹೇಳಿಬಿಡುತ್ತೇನೆ. 2030ರ ಹೊತ್ತಿಗೆ ಜಗತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು ಎಂಬುದು ಯುನೆಸ್ಕೋ ಲೆಕ್ಕ. ಮನೆಯಲ್ಲಿ ಕೇಳೋಣ ಅಂದರೆ ಯಾರೂ ಇಲ್ಲದ ಮಗುವಿಗೆ, ರಾತ್ರಿ ಹೊತ್ತು ಡೌಟ್ ಬಂದರೆ, ಅದು ದೊಡ್ಡ ಆಸರೆ. ಬೈಯದೆ, ಬೇಸರಿಸದೆ ಹತ್ತು ಸಲ ಹೇಳಿಕೊಡುತ್ತದೆ. ಒಪ್ಪಿದೆ.

ಆದರೆ ಟರ್ಕಿಯಲ್ಲಿ ನಡೆದ ಒಂದು ಪ್ರಯೋಗ ಕೇಳಿ. ಸುಮಾರು ಸಾವಿರ ಹೈಸ್ಕೂಲ್ ವಿದ್ಯಾರ್ಥಿಗಳು, ವಿಷಯ ಗಣಿತ. ಒಂದು ಗುಂಪಿಗೆ ಚಾಟ್‌ಜಿಪಿಟಿಯಂಥ ಸಾಧನವನ್ನು ಹಾಗೇ ಕೊಟ್ಟರು. ಅಭ್ಯಾಸದ ಲೆಕ್ಕಗಳಲ್ಲಿ ಅವರು ಎಐ ಇಲ್ಲದ ಮಕ್ಕಳಿಗಿಂತ 48% ಮುಂದೆ ಹೋದರು. ಆಮೇಲೆ ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟರೆ, ಅದನ್ನು ಮುಟ್ಟಿಯೇ ಇರದ ಮಕ್ಕಳಿಗಿಂತ 17% ಹಿಂದೆ ಬಿದ್ದರು. ತಾವು ಕಡಿಮೆ ಕಲಿತಿದ್ದೇವೆ ಅಂತ ಅವರಿಗೆ ಅನ್ನಿಸಿರಲೂ ಇಲ್ಲ. ಇನ್ನೊಂದು ಗುಂಪಿಗೆ ಕೊಟ್ಟ ಎಐ ಬೇರೆ ಥರದ್ದು. ಅದು ನೇರ ಉತ್ತರ ಕೊಡದೆ ಸುಳಿವು ಮಾತ್ರ ಕೊಡುತ್ತಿತ್ತು. ಆ ಗುಂಪಿಗೆ ಪರೀಕ್ಷೆಯಲ್ಲಿ ಅಂಥ ಹಾನಿ ಆಗಲಿಲ್ಲ. ಯಾವ ಸುಳಿವು ಕೊಡಬೇಕು, ಯಾವ ಲೆಕ್ಕದಲ್ಲಿ ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ ಅನ್ನುವುದನ್ನು ಅದಕ್ಕೆ ಹೇಳಿಕೊಟ್ಟವರು ಯಾರು ಗೊತ್ತಾ? ಶಿಕ್ಷಕರು. ಮಕ್ಕಳ ತಪ್ಪುಗಳನ್ನು ವರ್ಷಗಟ್ಟಲೆ ನೋಡಿದವರು. ಮೇಷ್ಟ್ರಿಗೆ ತಪ್ಪು ಕಾಣದ ಕಾಲ ಬಂದರೆ, ನಾಳೆ ಆ ಎಐಗೆ ಹೇಳಿಕೊಡುವವರು ಯಾರು?

ಇದರ ಜೊತೆ ಕಾಯುವ ವಿಷಯವೂ ಇದೆ. ಮೇರಿ ಬಡ್ ರೋ ಎಂಬ ಸಂಶೋಧಕಿ ಎಷ್ಟೋ ತರಗತಿಗಳ ಟೇಪ್ ಕೇಳಿ ಒಂದು ಸಂಗತಿ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದೇ ಸೆಕೆಂಡ್ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, 'ಗೊತ್ತಿಲ್ಲ' ಅನ್ನುವುದು ಕಡಿಮೆಯಾಗುತ್ತದೆ, ಬಾಯೇ ಬಿಡದ ಮಕ್ಕಳು ಮಾತಾಡುತ್ತಾರೆ. ಇದು 1970ರ ದಶಕದ ಮಾತು. ಇವತ್ತು ಕೇಳಿದ ಕೂಡಲೇ ಉತ್ತರ ಸುರಿಯುವ ಸಾಧನ ಮಕ್ಕಳ ಕೈಯಲ್ಲಿದೆ. ಅವರು ತಡವರಿಸುವಾಗ ಎದುರಿಗೆ ತಾಳ್ಮೆಯಿಂದ ನಿಲ್ಲುವವರು ಮೊದಲಿಗಿಂತ ಈಗಲೇ ಜಾಸ್ತಿ ಬೇಕು.

'ಮೇಷ್ಟ್ರ ಕಾಲ ಮುಗಿಯಿತು' ಎಂಬ ಘೋಷಣೆಯೂ ಹೊಸದಲ್ಲ ಬಿಡಿ. 1913ರಲ್ಲೇ ಥಾಮಸ್ ಎಡಿಸನ್, ಶಾಲೆಗಳಲ್ಲಿ ಪುಸ್ತಕ ಬೇಗ ಮೂಲೆಗೆ ಸೇರುತ್ತದೆ, ಎಲ್ಲವನ್ನೂ ಚಲನಚಿತ್ರದಿಂದಲೇ ಕಲಿಸಬಹುದು, ಹತ್ತು ವರ್ಷದಲ್ಲಿ ಶಾಲೆಗಳು ಪೂರ್ತಿ ಬದಲಾಗುತ್ತವೆ ಅಂದಿದ್ದರು. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಕಲಿಸುವ ಯಂತ್ರ ಬಂತು. ಆಮೇಲೆ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆ. ಪೆರು ದೇಶ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಹೊರಬಂದ ಅಧ್ಯಯನ ನೋಡಿದರೆ ಮಕ್ಕಳ ಗಣಿತವೂ ಸುಧಾರಿಸಿರಲಿಲ್ಲ, ಭಾಷೆಯೂ ಸುಧಾರಿಸಿರಲಿಲ್ಲ.

ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಪ್ರತಿ ಸಲವೂ ಸಾಧನಕ್ಕೆ ಹಣ ಸಿಗುತ್ತದೆ, ಮೇಷ್ಟ್ರಿಗೆ ಸಮಯ ಸಿಗುವುದಿಲ್ಲ. ಒಂದೊಂದು ಕ್ಲಾಸಿನಲ್ಲಿ ಲೆಕ್ಕವಿಲ್ಲದಷ್ಟು ಮಕ್ಕಳನ್ನು ತುಂಬುತ್ತಾರೆ. ತುಂಬಬೇಕಾದ ಫಾರಂ, ಅಪ್‌ಲೋಡ್ ಮಾಡಬೇಕಾದ ಅಂಕಿಅಂಶ, ಕಳಿಸಬೇಕಾದ ಫೋಟೋ ಎಲ್ಲ ಮೇಷ್ಟ್ರ ತಲೆ ಮೇಲೆ. 'ಹೇಗೆ ಮಾಡಿದೆ ಹೇಳು' ಅಂತ ಒಂದು ಮಗುವನ್ನು ಕೇಳಲಿಕ್ಕೆ ಬೇಕಾದ ಎರಡು ನಿಮಿಷವನ್ನು ಹೀಗೆ ಕಿತ್ತುಕೊಂಡು, ಆಮೇಲೆ 'ನೀವು ಮಾರ್ಗದರ್ಶಕರಾಗಿ' ಅನ್ನುತ್ತಾರೆ. ತಪ್ಪಿಗೆ ಮಾರ್ಕ್ಸ್ ಕಳೆದು ಕಳೆದು, ತಪ್ಪು ಮುಚ್ಚಿಡಬೇಕಾದ ವಸ್ತು ಅಂತ ಮಕ್ಕಳಿಗೆ ಕಲಿಸಿದ್ದೂ ಇದೇ ವ್ಯವಸ್ಥೆ. ಎಐ ಬರುವ ಮೊದಲು ಅವರು ಪಕ್ಕದವರ ಪುಸ್ತಕ ನೋಡಿ ಬರೆಯುತ್ತಿದ್ದರು, ಅಷ್ಟೇ.

ನಿಮ್ಮ ಕೈಲಿ ಆಗುವುದನ್ನು ಮಾಡಿ, ಮೇಷ್ಟ್ರೇ. ಹೋಂವರ್ಕ್ ಕಡಿಮೆ ಮಾಡಿ. ಲೆಕ್ಕಗಳನ್ನು ಕ್ಲಾಸಿನಲ್ಲೇ, ನಿಮ್ಮ ಕಣ್ಣೆದುರೇ ಮಾಡಿಸಿ. ಹೋಂವರ್ಕಿಗೆ ಮಾರ್ಕ್ಸ್ ಬೇಡ. ಎಐ ಕೊಟ್ಟ ಉತ್ತರವನ್ನೂ ತರಲಿ, ಮುಚ್ಚುಮರೆ ಇಲ್ಲದೆ ತರಲಿ. ಅದರ ಮೂರನೇ ಸಾಲಿನಿಂದ ನಾಲ್ಕನೇ ಸಾಲು ಹೇಗೆ ಬಂತು ಅಂತ ಕೇಳಿ. ಕೇಳಿ, ಕಾಯಿರಿ.

ನಿವೃತ್ತಿಯ ಮಾತು ಬಿಡಿ, ತರಬೇತಿಗೆ ಹೋಗಿ. ಹೋಗುವಾಗ ನಿಮ್ಮ ಕ್ಲಾಸಿನ ನಾಲ್ಕೈದು ತಪ್ಪು ಲೆಕ್ಕ ಬರೆದುಕೊಂಡು ಹೋಗಿ, ಮಕ್ಕಳ ಹೆಸರು ಬೇಡ. 'ನಿಮ್ಮ ಸಾಧನ ಬಳಸಿದ ಮೇಲೆ ಇಂಥ ತಪ್ಪುಗಳು ನನಗೆ ಇನ್ನೂ ಕಾಣುತ್ತವೆಯೋ ಇಲ್ಲವೋ?' ಅಂತ ಅಲ್ಲಿ ಪಾಠ ಮಾಡುವವರನ್ನು ಕೇಳಿ. ಅವರು ಏನು ಹೇಳಿದರು ಅಂತ ನಮಗೆ ಬರೆಯಿರಿ. ಆ ಉತ್ತರವನ್ನೂ ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.